ಕ್ಷಮಾದಾನದ ಕಡತವೂ ಬನಶಂಕರಿಯ ಮನೆಯೂ

ಕೊಲೆಯಾದವರ ಮನೆಯವರು ಅಪರಾಧಿಯ ಪೆರೋಲಿಗೋ ಅವಧಿಗೆ ಮುನ್ನಿನ ಬಿಡುಗಡೆಗೋ ಆಕ್ಷೇಪ ಎತ್ತಿದಾಗ ಅದನ್ನು ಸೇಡಿನ ಮಾತೆಂದು ಬದಿಗೆ ಸರಿಸುವ ರೂಢಿ ಆಡಳಿತದಲ್ಲೂ ಸುಶಿಕ್ಷಿತರ ಚರ್ಚೆಯಲ್ಲೂ ಬೇರೂರಿದೆ. ಶಿಕ್ಷೆಯ ಗುರಿ ಸುಧಾರಣೆಯೇ ಹೊರತು ಪ್ರತೀಕಾರವಲ್ಲ ಎಂಬ ತತ್ತ್ವದಲ್ಲಿ ತಪ್ಪಿಲ್ಲ. ಆದರೆ ಆ ತತ್ತ್ವವನ್ನು ಮುಂದಿಟ್ಟುಕೊಂಡು, ಅಪರಾಧದಿಂದ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರ ಮಾತನ್ನು ಕೇಳಿಸಿಕೊಳ್ಳದೆಯೇ ಕಡತ ಮುಚ್ಚುವುದು ದಯೆಯೂ ಅಲ್ಲ, ನ್ಯಾಯವೂ ಅಲ್ಲ. ದಕ್ಷಿಣ ಬೆಂಗಳೂರು ಎರಡು ದಶಕಗಳಿಂದ ಬಲ್ಲ ‘ರಿಂಗ್ ರೋಡ್’ ಕೊಲೆ ಪ್ರಕರಣ ಈಗ ಈ ಪ್ರಶ್ನೆಯನ್ನು ಕರ್ನಾಟಕದ ರಾಜಭವನದ ಬಾಗಿಲಿಗೆ ತಂದು ನಿಲ್ಲಿಸಿದೆ.

ಪ್ರಕರಣದ ಮುಖ್ಯ ಸಂಗತಿಗಳು ನ್ಯಾಯಾಲಯದ ದಾಖಲೆಯಲ್ಲಿವೆ. ಬನಶಂಕರಿಯ ಸಾಫ್ಟ್‌ವೇರ್ ಎಂಜಿನಿಯರ್ ಬಿ.ವಿ. ಗಿರೀಶ್ ಅವರಿಗೂ ಅದೇ ಬಡಾವಣೆಯ ಕಾನೂನು ವಿದ್ಯಾರ್ಥಿನಿ ಶುಭಾ ಅವರಿಗೂ 2003ರ ನವೆಂಬರ್ 30ರಂದು ನಿಶ್ಚಿತಾರ್ಥವಾಯಿತು. ಮೂರೇ ದಿನಗಳ ಬಳಿಕ, ಡಿಸೆಂಬರ್ 3ರ ರಾತ್ರಿ, ವರ್ತುಲ ರಸ್ತೆಯಲ್ಲಿ ವಿಮಾನಗಳು ಇಳಿಯುವುದನ್ನು ನೋಡಲು ಜನ ಸೇರುತ್ತಿದ್ದ ಜಾಗದಲ್ಲಿ ಗಿರೀಶ್ ಅವರ ತಲೆಗೆ ಪೆಟ್ಟು ಬಿತ್ತು, ಮರುದಿನ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಮದುವೆಯನ್ನು ತಪ್ಪಿಸಲು ಶುಭಾ ಮತ್ತು ಇತರ ಮೂವರು ಸೇರಿ ಹೂಡಿದ ಸಂಚು ಇದೆಂದು 2010ರಲ್ಲಿ ವಿಚಾರಣಾ ನ್ಯಾಯಾಲಯ ನಾಲ್ವರಿಗೂ ಜೀವಾವಧಿ ಶಿಕ್ಷೆ ವಿಧಿಸಿತು. ಹೈಕೋರ್ಟ್ ಈ ಅಪರಾಧ ನಿರ್ಣಯವನ್ನು ಎತ್ತಿಹಿಡಿಯಿತು. ಶುಭಾ ಅವರಿಗೆ 2014ರಲ್ಲಿ ಸುಪ್ರೀಂ ಕೋರ್ಟಿನಿಂದ ಜಾಮೀನು ದೊರೆಯಿತು.

2025ರ ಜುಲೈ 14ರಂದು ನ್ಯಾಯಮೂರ್ತಿಗಳಾದ ಎಂ.ಎಂ. ಸುಂದರೇಶ್ ಮತ್ತು ಅರವಿಂದ ಕುಮಾರ್ ಅವರ ಸುಪ್ರೀಂ ಕೋರ್ಟ್ ಪೀಠ ಜೀವಾವಧಿ ಶಿಕ್ಷೆಯನ್ನು ಕಾಯಂಗೊಳಿಸಿತಾದರೂ, ರಾಜ್ಯಪಾಲರಲ್ಲಿ ಕ್ಷಮಾದಾನ ಕೋರಲು ಅಪರಾಧಿಗಳಿಗೆ ಎಂಟು ವಾರಗಳ ಕಾಲಾವಕಾಶ ಕೊಟ್ಟು, ಅರ್ಜಿ ಇತ್ಯರ್ಥವಾಗುವವರೆಗೆ ಅವರನ್ನು ಬಂಧಿಸಬಾರದೆಂದೂ ಆದೇಶಿಸಿತು. ಆಗಿನ ಅವರ ಎಳೆಯ ವಯಸ್ಸು, ಉರುಳಿದ ಕಾಲ, ಮನೆಯವರ ಬಲವಂತದ ತೀರ್ಮಾನದಡಿ ಅದುಮಿಹೋದ ಯುವತಿಯೊಬ್ಬಳ ಇಚ್ಛೆ, ಇವೆಲ್ಲವನ್ನೂ ತೀರ್ಪು ಸಹಾನುಭೂತಿಯಿಂದ ಪರಿಗಣಿಸಿದೆ. ಹೆಣ್ಣಿನ ಒಪ್ಪಿಗೆಯಿಲ್ಲದೆ ಮದುವೆ ಗೊತ್ತುಮಾಡುವ ಸಂಪ್ರದಾಯ ಖಂಡನೀಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒತ್ತಡ ಬಂದದ್ದು ಆಕೆಯ ಮನೆಯಿಂದ ಎಂದಾದರೆ ಅದಕ್ಕೆ ಬಲಿಯಾದದ್ದು ಆ ಒತ್ತಡ ಹೇರದ ಇನ್ನೊಂದು ಮನೆಯ ಮಗ. ಸಾಮಾಜಿಕ ಅನ್ಯಾಯವೊಂದರ ವಿವರಣೆ ಅಪರಾಧದ ಹಿನ್ನೆಲೆಯನ್ನು ತಿಳಿಸಬಹುದೇ ಹೊರತು ಅದರ ಭಾರವನ್ನು ಸತ್ತವನ ಕಡೆಗೆ ವರ್ಗಾಯಿಸಲಾರದು.

ಇಲ್ಲಿ ಮೂರು ಪರಿಕಲ್ಪನೆಗಳನ್ನು ಬೇರ್ಪಡಿಸಿ ನೋಡಬೇಕು. ಪೆರೋಲ್ ಎಂದರೆ ಮನೆಯಲ್ಲಿ ಸಾವು, ಕಾಯಿಲೆ, ಮದುವೆಯಂಥ ಕಾರಣಕ್ಕೆ ಕೈದಿಗೆ ಸಿಗುವ ತಾತ್ಕಾಲಿಕ ಬಿಡುವು. ಅದರಿಂದ ಶಿಕ್ಷೆ ರದ್ದಾಗುವುದಿಲ್ಲ. ಸನ್ನಡತೆಯ ಆಧಾರದ ಬಿಡುಗಡೆ ಎಂದು ಜನ ಕರೆಯುವ ಶಿಕ್ಷಾ ಮಾಫಿಯಲ್ಲಿ ಸರ್ಕಾರ ಉಳಿದ ಅವಧಿಯನ್ನು ಮನ್ನಾ ಮಾಡುತ್ತದೆ. ಮರಣದಂಡನೆಗೂ ಅರ್ಹವಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾಗಿದ್ದರೆ ಕನಿಷ್ಠ 14 ವರ್ಷ ಸೆರೆವಾಸ ಕಳೆದಿರಬೇಕೆಂದು ಕಾನೂನು ವಿಧಿಸುತ್ತದೆ. ಸಂವಿಧಾನದ 161ನೇ ವಿಧಿಯ ಕ್ಷಮಾದಾನಕ್ಕೆ ಈ 14 ವರ್ಷಗಳ ಕಟ್ಟು ಅನ್ವಯಿಸುವುದಿಲ್ಲ, ಮತ್ತು ರಾಜ್ಯಪಾಲರ ಹೆಸರಿನಲ್ಲಿ ಹೊರಬೀಳುವ ಆ ಆದೇಶದ ಹಿಂದೆ ಇರುವುದು ಸಚಿವ ಸಂಪುಟದ ಸಲಹೆ. ಅಂದರೆ ಮೂರರಲ್ಲಿ ಅತ್ಯಂತ ವಿಶಾಲವಾದ ಅಧಿಕಾರವೇ ಅತ್ಯಂತ ಮುಚ್ಚಿದ ಕೋಣೆಯಲ್ಲಿ ಚಲಾವಣೆಯಾಗುತ್ತದೆ.

ಆ ಕೋಣೆಯಲ್ಲಿ ಯಾರ ಕುಟುಂಬಕ್ಕೆ ಜಾಗವಿದೆ ಎಂಬುದೇ ವಿವಾದದ ತಿರುಳು. ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಬಿಡುಗಡೆಗೆ ಐದು ಮಾನದಂಡಗಳನ್ನು ಗುರುತಿಸಿತು. ಅವುಗಳಲ್ಲಿ ಅಪರಾಧಿಯ ಕುಟುಂಬದ ಸಾಮಾಜಿಕ, ಆರ್ಥಿಕ ಸ್ಥಿತಿಯೂ ಒಂದು, ಆದರೆ ಹತನಾದವನ ಕುಟುಂಬದ ಪ್ರಸ್ತಾಪ ಆ ಪಟ್ಟಿಯಲ್ಲಿ ಇಲ್ಲ. 2006ರ ಏಪೂರು ಸುಧಾಕರ್ ತೀರ್ಪಿನಲ್ಲಿ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರು, ಕ್ಷಮಾದಾನದ ತೀರ್ಮಾನ ಸಂತ್ರಸ್ತರ ಮನೆಯ ಮೇಲೆ ಬೀರುವ ಪರಿಣಾಮವನ್ನು ರಾಜ್ಯಪಾಲರು ಗಮನದಲ್ಲಿಡಬೇಕೆಂದು ಹೇಳಿ ಈ ಕೊರತೆಯನ್ನು ತತ್ತ್ವದ ಮಟ್ಟದಲ್ಲಿ ತುಂಬಿದರು. 2022ರಲ್ಲಿ ಲಖೀಂಪುರ ಖೇರಿ ಪ್ರಕರಣದ ಜಾಮೀನು ಆದೇಶವನ್ನು ರದ್ದುಪಡಿಸುವಾಗ ಅದೇ ನ್ಯಾಯಾಲಯ, ತನಿಖೆಯಿಂದ ಮೇಲ್ಮನವಿ ಮುಗಿಯುವವರೆಗೆ ಪ್ರತಿ ಹಂತದಲ್ಲೂ ಸಂತ್ರಸ್ತರಿಗೆ ಮಾತಾಡುವ ಹಕ್ಕಿದೆ ಎಂದಿತು. ಆದರೆ ಮೇಲ್ಮನವಿ ಮುಗಿದ ಮೇಲೆ ಶುರುವಾಗುವುದೇ ಕ್ಷಮಾದಾನದ ಹಂತ. ಹಕ್ಕು ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದಲೇ ಅದರ ಅಗತ್ಯ ಮೊದಲಾಗುತ್ತದೆ.

ಕುಟುಂಬದ ಮಾತನ್ನು ಪ್ರಭುತ್ವ ಎಂದೂ ಕೇಳಿಯೇ ಇಲ್ಲವೆಂದೇನಲ್ಲ. ರಾಜೀವ್ ಗಾಂಧಿ ಹತ್ಯೆ ಪ್ರಕರಣದ ನಳಿನಿಯ ಪರವಾಗಿ ಸೋನಿಯಾ ಗಾಂಧಿಯವರು ದಯೆ ಕೋರಿದ್ದರು, ಆಕೆಯ ಗಲ್ಲು ಶಿಕ್ಷೆ 2000ದಲ್ಲಿ ಜೀವಾವಧಿಗೆ ಇಳಿಯಿತು. ಇನ್ನೊಂದೆಡೆ, 2022ರ ಆಗಸ್ಟ್ 15ರಂದು ಗುಜರಾತ್ ಸರ್ಕಾರ ಸಾಮೂಹಿಕ ಅತ್ಯಾಚಾರ ಮತ್ತು ಕೊಲೆ ಪ್ರಕರಣವೊಂದರ 11 ಅಪರಾಧಿಗಳನ್ನು ಬಿಡುಗಡೆ ಮಾಡಿದಾಗ, ತನ್ನ ಸುರಕ್ಷತೆಯ ಬಗ್ಗೆ ಯಾರೂ ವಿಚಾರಿಸಲೇ ಇಲ್ಲವೆಂದು ಸಂತ್ರಸ್ತೆ ಬಿಲ್ಕಿಸ್ ಬಾನು ಹೇಳಬೇಕಾಯಿತು. ಆ ಆದೇಶ ರದ್ದಾದದ್ದು 2024ರ ಜನವರಿಯಲ್ಲಿ, ಆಕೆ ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ. ದೊಡ್ಡವರ ಮನೆಯ ದನಿ ತಾನಾಗಿ ತಲುಪುವಲ್ಲಿ ಸಾಮಾನ್ಯರ ಮನೆಯ ದನಿ ವಕಾಲತ್ತು ಹಾಕಿಯೇ ತಲುಪಬೇಕಾದರೆ, ಅದು ವಿವೇಚನೆಯ ಹೆಸರಿನ ತಾರತಮ್ಯ.

ಇದಕ್ಕೆ ಎದುರಾಗಿ ಹೇಳುವ ಮಾತುಗಳಲ್ಲಿ ಎರಡು ಗಟ್ಟಿಯಾದವು. ಶಿಕ್ಷೆ ವಿಧಿಸುವುದು ಪ್ರಭುತ್ವವೇ ಹೊರತು ಕುಟುಂಬವಲ್ಲ, ಆದ್ದರಿಂದ ಸಡಿಲಿಸುವಾಗಲೂ ಕುಟುಂಬಕ್ಕೆ ಪಾತ್ರವಿರಬಾರದು ಎಂಬುದು ಮೊದಲನೆಯದು. ಹಾಗಿದ್ದರೆ ಅಪರಾಧಿಯ ಕುಟುಂಬದ ಸ್ಥಿತಿಯನ್ನು ತೂಗುವುದೂ ತಪ್ಪಾಗಬೇಕು. ಸತ್ತವನಿಗೆ ಮಾತು ಬಲ್ಲ, ಹಣವುಳ್ಳ ಮನೆಯವರಿದ್ದಾಗ ಕೈದಿ ಒಳಗೇ ಉಳಿದು, ಬಡವನನ್ನು ಕೊಂದವನು ಸುಲಭವಾಗಿ ಹೊರಬರುತ್ತಾನೆ ಎಂಬುದು ಎರಡನೆಯದು, ಮತ್ತು ಇದೇ ಹೆಚ್ಚು ಗಂಭೀರವಾದದ್ದು. ಆದರೆ ಯಾರನ್ನೂ ಕೇಳದಿರುವುದು ಅದಕ್ಕೆ ಮದ್ದಲ್ಲ. ಎಲ್ಲರನ್ನೂ ಒಂದೇ ರೀತಿಯಲ್ಲಿ, ಸರ್ಕಾರದ ಖರ್ಚಿನಲ್ಲಿ ಕೇಳುವುದೇ ಮದ್ದು. ಕೇಳುವುದೆಂದರೆ ಒಪ್ಪುವುದೂ ಅಲ್ಲ: ಕುಟುಂಬದ ಆಕ್ಷೇಪವನ್ನು ಓದಿ, ತೂಗಿ, ಕಾರಣ ಬರೆದು ತಳ್ಳಿಹಾಕುವ ಅಧಿಕಾರ ಸಂಪುಟಕ್ಕೆ ಇದ್ದೇ ಇರುತ್ತದೆ.

ಕ್ಯಾಲಿಫೋರ್ನಿಯಾದ ಮತದಾರರು 2008ರಲ್ಲಿ ‘ಮಾರ್ಸಿಯ ಕಾನೂನು’ ಎಂದು ಹೆಸರಾದ ತಿದ್ದುಪಡಿಯ ಮೂಲಕ ಪೆರೋಲ್ ವಿಚಾರಣೆಯಲ್ಲಿ ಸಂತ್ರಸ್ತರ ಕುಟುಂಬಕ್ಕೆ ಮಾತಿನ ಹಕ್ಕು ಕೊಟ್ಟರು. ಕರ್ನಾಟಕಕ್ಕೆ ಅಷ್ಟು ದೊಡ್ಡ ಸಂವಿಧಾನ ತಿದ್ದುಪಡಿಯ ಅಗತ್ಯವೇ ಇಲ್ಲ. ಪೆರೋಲ್, ಶಿಕ್ಷಾ ಮಾಫಿ, ಕ್ಷಮಾದಾನ ಈ ಮೂರೂ ಅರ್ಜಿಗಳಲ್ಲಿ ಸಂತ್ರಸ್ತರ ಮನೆಗೆ ಕನ್ನಡದಲ್ಲಿ ನೋಟಿಸ್ ಕೊಡಬೇಕು, ಉತ್ತರಕ್ಕೆ 30 ದಿನಗಳಿರಬೇಕು, ಬೇಕಾದವರಿಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರು ನೆರವಾಗಬೇಕು, ಆ ಉತ್ತರವನ್ನು ಪರಿಗಣಿಸಿದ ಬಗೆ ಆದೇಶದಲ್ಲಿ ಬರಹದ ರೂಪದಲ್ಲಿರಬೇಕು ಎಂಬ ನಿಯಮವನ್ನು ರಾಜ್ಯ ಸರ್ಕಾರ ರೂಪಿಸಿದರೆ ಸಾಕು.

ಬನಶಂಕರಿಯ ಆ ಮನೆಯವರು ಕ್ಷಮಿಸುತ್ತಾರೋ ವಿರೋಧಿಸುತ್ತಾರೋ ಎಂಬುದನ್ನು ಅವರ ಪರವಾಗಿ ಊಹಿಸುವ ಹಕ್ಕು ನ್ಯಾಯಾಲಯಕ್ಕೂ ಇಲ್ಲ, ಪತ್ರಿಕೆಗಳಿಗೂ ಇಲ್ಲ, ಸಂಪುಟಕ್ಕೂ ಇಲ್ಲ. ಅವರನ್ನು ಕೇಳುವ ಕರ್ತವ್ಯ ಮಾತ್ರ ಸರ್ಕಾರಕ್ಕಿದೆ, ಮತ್ತು ಅದನ್ನು ಸಲ್ಲಿಸಬೇಕಾದದ್ದು ಕಡತಕ್ಕೆ ಸಹಿ ಬೀಳುವ ಮೊದಲು.