ಇನ್‌ಸ್ಟಾಲ್ ಒತ್ತುವ ಮೊದಲು ಒಂದು ಪುಟ ಓದೋಣ



ನಮ್ಮ ಕನ್ನಡ ಶಾಲೆಗೆ ನಮ್ಮದೇ ಒಂದು ಸರ್ವರ್ ಇರಬೇಕು ಅನ್ನುವ ಮಾತು ಈಚೆಗೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಆಗಾಗ ಕೇಳಿಬರುತ್ತಿದೆ. ಮಕ್ಕಳ ಮನೆಗೆಲಸ, ಓದಿನ ಧ್ವನಿಮುದ್ರಣ, ಹಾಜರಿ, ರಾಜ್ಯೋತ್ಸವದ ವಿಡಿಯೋ ಎಲ್ಲ ಒಂದೇ ಕಡೆ ಸಿಗುವಂತಿದ್ದರೆ ಎಷ್ಟು ಚೆನ್ನ! ನಮ್ಮಲ್ಲಿ ಐಟಿಯವರಿಗೂ ಬರವಿಲ್ಲ. "ಒಂದು ಭಾನುವಾರ ಮಧ್ಯಾಹ್ನ ಕೂತರೆ ಮುಗೀತು" ಅನ್ನುವ ಉತ್ಸಾಹವೂ ಇದೆ. ಆಸೆ ಒಳ್ಳೆಯದೇ. ಆದರೆ ಆ ಭಾನುವಾರಕ್ಕೆ ಮುಂಚೆ ಇನ್ನೊಂದು ಭಾನುವಾರ ಬೇಕು, ಓದುವುದಕ್ಕೆ ಮತ್ತು ಬರೆಯುವುದಕ್ಕೆ. ಈ ತಿಂಗಳು ನಾನು ಹೇಳಬೇಕೆಂದಿರುವುದು ಇಷ್ಟೇ.

ಮಕ್ಕಳೇ, ಯಾವುದೇ ತಂತ್ರಾಂಶದ ಜೊತೆಗೆ ಒಂದು ಪುಟ ಬರುತ್ತದೆ. ಅದರ ಹೆಸರು ಸಿಸ್ಟಮ್ ರಿಕ್ವೈರ್‌ಮೆಂಟ್ಸ್. ಕನ್ನಡದಲ್ಲಿ 'ಬೇಕಾದವುಗಳ ಪಟ್ಟಿ' ಅನ್ನೋಣ. ಅಮ್ಮನ ಅಡುಗೆ ಪುಸ್ತಕದಲ್ಲಿ ಮೇಲುಗಡೆ 'ಬೇಕಾಗುವ ಸಾಮಗ್ರಿಗಳು' ಅಂತ ಇರುತ್ತದಲ್ಲ, ಹಾಗೆ. ಪ್ರೊಸೆಸರ್ ಎಂಥದ್ದು, ಮೆಮೊರಿ ಎಷ್ಟು, ಡಿಸ್ಕ್‌ನಲ್ಲಿ ಜಾಗ ಎಷ್ಟು, ಆಪರೇಟಿಂಗ್ ಸಿಸ್ಟಮ್ ಯಾವ ಆವೃತ್ತಿ ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ನಾವು ಅದನ್ನು ಓದುವುದಿಲ್ಲ. ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ ಎಂದು ಒತ್ತುತ್ತಾ ಹೋಗುತ್ತೇವೆ.

ಓದದಿದ್ದರೆ ಏನಾಗುತ್ತದೆ ಅನ್ನುವುದು ನಮ್ಮ ಮನೆಗಳಲ್ಲೇ ಕಂಡಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳಲು 4 ಜಿಬಿ ಮೆಮೊರಿ, 64 ಜಿಬಿ ಜಾಗ ಇದ್ದರೆ ಸಾಲದು, ಟಿಪಿಎಂ 2.0 ಎಂಬ ಭದ್ರತೆಯ ಸೌಲಭ್ಯವೂ ಬೇಕು. ಓಡುವುದರಲ್ಲಿ ಏನೂ ಕೊರತೆಯಿಲ್ಲದ ಎಷ್ಟೋ ಲ್ಯಾಪ್‌ಟಾಪ್‌ಗಳು ಈ ಒಂದು ಸಾಲಿನಿಂದಾಗಿ ಹೊರಗುಳಿದವು. ಹಳೆಯ ಲ್ಯಾಪ್‌ಟಾಪ್ ಕೊಳ್ಳುವಾಗ ಆ ಸಾಲನ್ನು ಓದಿದವರಿಗೆ ದುಡ್ಡು ಉಳಿಯಿತು.

ಮನೆಯ ಲ್ಯಾಪ್‌ಟಾಪ್ ಕೈಕೊಟ್ಟರೆ ತೊಂದರೆ ಒಂದು ಮನೆಗೆ. ಸರ್ವರ್ ಎಂದರೆ ಹತ್ತಾರು ಮನೆ ನೆಚ್ಚಿಕೊಂಡಿರುವ ಯಂತ್ರ. ಅಲ್ಲಿ ಪಟ್ಟಿಯನ್ನು ಓದುವ ಬಗೆಯೂ ಬೇರೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ 2022 ಅನ್ನೇ ನೋಡಿ. ಉಚಿತವಾಗಿ ಸಿಗುವ ಎಕ್ಸ್‌ಪ್ರೆಸ್ ಬಿಟ್ಟು ಉಳಿದ ಆವೃತ್ತಿಗಳಿಗೆ 'ಕನಿಷ್ಠ' ಮೆಮೊರಿ 1 ಜಿಬಿ. ಪಕ್ಕದಲ್ಲೇ 'ಶಿಫಾರಸು' ಅಂತ ಇನ್ನೊಂದು ಅಂಕಿ: ಕಡಿಮೆಯೆಂದರೆ 4 ಜಿಬಿ, ಮಾಹಿತಿ ಬೆಳೆದಂತೆ ಇನ್ನೂ ಹೆಚ್ಚು. ಕನಿಷ್ಠ ಎಂದರೆ ತಂತ್ರಾಂಶ ಎದ್ದು ನಿಲ್ಲಲು ಬೇಕಾದದ್ದು. ಕೆಲಸ ಮಾಡಲು ಬೇಕಾದದ್ದು ಶಿಫಾರಸು. ಮದುವೆ ಮನೆಯಲ್ಲಿ ನೂರು ಎಲೆ ಹಾಕಬೇಕಾದವರು ನಾಲ್ಕು ಜನರ ಅಡುಗೆಗೆ ಸಾಕಾಗುವ ಪಾತ್ರೆ ತರುತ್ತಾರೆಯೇ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ನಮ್ಮ ಹಿರಿಯರು. ಈ ಗಾದೆಯಲ್ಲಿ ಎರಡು ಅಳತೆಗಳಿವೆ: ಒಂದು ಹಾಸಿಗೆಯದು, ಇನ್ನೊಂದು ಕಾಲಿನದು. ತಂತ್ರಾಂಶ ಮಾಡಿದವರು ಕೊಡುವ ಪಟ್ಟಿ ಹಾಸಿಗೆಯ ಅಳತೆ ಹೇಳುತ್ತದೆ. ನಮ್ಮ ಕಾಲು ಎಷ್ಟು ಉದ್ದ ಅನ್ನುವುದನ್ನು ನಾವೇ ಅಳೆದುಕೊಳ್ಳಬೇಕು. ಬೇಕಾದವುಗಳ ಪಟ್ಟಿಯ ಅರ್ಧ ಮಾತ್ರ ಅವರು ಬರೆಯುತ್ತಾರೆ. ಉಳಿದ ಅರ್ಧ ನಾವು ಬರೆಯಬೇಕಾದದ್ದು. ದೊಡ್ಡ ದೊಡ್ಡ ಅನಾಹುತಗಳೆಲ್ಲ ಈ ಎರಡನೆಯ ಅರ್ಧವನ್ನು ಬರೆಯದೇ ಬಿಟ್ಟದ್ದರಿಂದ ಆದವು.

ದೋಸೆ ಹಿಟ್ಟನ್ನು ನೆನೆಸಿಕೊಳ್ಳಿ. ಅಕ್ಕಿ ಎಷ್ಟು, ಉದ್ದು ಎಷ್ಟು ಅಂತ ಅಜ್ಜಿ ಫೋನಿನಲ್ಲಿ ಸರಿಯಾಗಿಯೇ ಹೇಳುತ್ತಾರೆ. 'ರಾತ್ರಿ ರುಬ್ಬಿಟ್ಟರೆ ಬೆಳಗ್ಗೆ ಹುದುಗಿರುತ್ತದೆ' ಎನ್ನುತ್ತಾರೆ. ಮೈಸೂರಿನಲ್ಲಿ ಅದು ನಿಜ. ಹೆಡಿಂಗ್ಲೀಯ ಜನವರಿಯಲ್ಲಿ ಆ ಹಿಟ್ಟು ಹಾಗೇ ಮಲಗಿರುತ್ತದೆ. ಬೆಚ್ಚಗಿನ ಅಡುಗೆಮನೆ ಬೇಕೆಂದು ಅಜ್ಜಿಯ ಪಟ್ಟಿಯಲ್ಲಿ ಇರಲಿಲ್ಲ, ಏಕೆಂದರೆ ಅಲ್ಲಿ ಅದನ್ನು ಹೇಳುವ ಅಗತ್ಯವೇ ಇರಲಿಲ್ಲ. ಆ ಸಾಲನ್ನು ಸೇರಿಸಿಕೊಳ್ಳಬೇಕಾದವರು ಇಲ್ಲಿರುವ ನಾವು.

ಹೆಡಿಂಗ್ಲೀ ಮೈದಾನವೂ ಇದೇ ಪಾಠ ಹೇಳುತ್ತದೆ. ಇಲ್ಲಿ ಟಾಸ್ ಗೆದ್ದವರು ಪಿಚ್ಚನ್ನಷ್ಟೇ ನೋಡಿದರೆ ಸಾಲದು, ತಲೆ ಎತ್ತಿ ಆಕಾಶವನ್ನೂ ನೋಡಬೇಕು ಅನ್ನುವುದು ಹಳೆಯ ಮಾತು. 2002ರ ಆಗಸ್ಟ್‌ನಲ್ಲಿ ಭಾರತ ಇಲ್ಲಿ ಮೊದಲು ಬ್ಯಾಟಿಂಗ್ ಆರಿಸಿಕೊಂಡಿತು, ಅದೂ ಇಬ್ಬರು ಸ್ಪಿನ್ನರ್‌ಗಳನ್ನು ಆಡಿಸಿ. ಹೊಸ ಚೆಂಡು ಹೊರಳುವ ಹೊತ್ತಿನಲ್ಲಿ ಬೇಕಾದದ್ದು ಬೀಸುವ ಕೈಯಲ್ಲ, ಕಾಯುವ ತಾಳ್ಮೆ. ಸಂಜಯ್ ಬಾಂಗರ್ 68, ನಮ್ಮ ರಾಹುಲ್ ದ್ರಾವಿಡ್ 148. ಇಬ್ಬರ ಜೊತೆಯಾಟ 170. ಆಮೇಲೆ ನಮ್ಮ ಅನಿಲ್ ಕುಂಬ್ಳೆ ಎರಡು ಇನಿಂಗ್ಸ್‌ಗಳಲ್ಲಿ 7 ವಿಕೆಟ್ ಪಡೆದರು. ಭಾರತ ಇನಿಂಗ್ಸ್ ಮತ್ತು 46 ರನ್‌ಗಳಿಂದ ಗೆದ್ದಿತು. ಈ ನೆಲ ಏನು ಕೇಳುತ್ತದೆ, ಅದನ್ನು ಕೊಡಬಲ್ಲವರು ನಮ್ಮಲ್ಲಿ ಯಾರಿದ್ದಾರೆ ಎಂಬ ಎರಡೂ ಲೆಕ್ಕ ಅಂದು ಕೂಡಿಬಂದಿದ್ದವು.

ಲೆಕ್ಕ ತಪ್ಪಿದ ಕಥೆಯನ್ನೂ ಕೇಳಿ. 2020ರ ಶರತ್ಕಾಲ, ಕೋವಿಡ್ ಕಾಲ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಪರೀಕ್ಷೆಯ ಫಲಿತಾಂಶಗಳನ್ನು ಹಳೆಯ ಮಾದರಿಯ ಎಕ್ಸೆಲ್ ಕಡತಗಳಲ್ಲಿ ಸೇರಿಸುತ್ತಿತ್ತು. ಆ ಮಾದರಿಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮಿತಿ ಮೀರಿದ ಸಾಲುಗಳು ಸದ್ದಿಲ್ಲದೆ ಬಿಟ್ಟುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಸೋಂಕಿತರು ದಿನದ ಲೆಕ್ಕದಿಂದ ತಪ್ಪಿಹೋದರು. ಅವರ ಸಂಪರ್ಕದಲ್ಲಿದ್ದವರಿಗೆ ಎಚ್ಚರಿಕೆ ತಲುಪುವುದು ತಡವಾಯಿತು. ಮಕ್ಕಳೇ, 2ನ್ನು 16 ಬಾರಿ ಗುಣಿಸಿ ನೋಡಿ, 65,536 ಬರುತ್ತದೆ. ಆ ಮಿತಿ ಗುಟ್ಟೇನೂ ಆಗಿರಲಿಲ್ಲ, ಎಷ್ಟೋ ವರ್ಷಗಳಿಂದ ಬರೆದಿಟ್ಟದ್ದೇ. ನಮ್ಮ ಕಡತ ಎಷ್ಟು ಬೆಳೆದೀತು ಅನ್ನುವ ಇನ್ನೊಂದು ಅರ್ಧವನ್ನು ಯಾರೂ ಪಕ್ಕದಲ್ಲಿ ಬರೆದುಕೊಂಡಿರಲಿಲ್ಲ.

ಇನ್ನು ಬರ್ಮಿಂಗ್‌ಹ್ಯಾಮ್. ಅಲ್ಲಿನ ನಗರಸಭೆ 1999ರಿಂದ ಬಳಸುತ್ತಿದ್ದ ಎಸ್‌ಎಪಿ ತಂತ್ರಾಂಶವನ್ನು ಬಿಟ್ಟು ಒರಾಕಲ್ ಫ್ಯೂಷನ್‌ಗೆ ಹೋಗಲು ತೀರ್ಮಾನಿಸಿತು. ಹಣಕಾಸು, ಸಂಬಳ, ಖರೀದಿ ಎಲ್ಲವೂ ಅದರಲ್ಲೇ. ಮೊದಲ ಅಂದಾಜು ಸುಮಾರು 2 ಕೋಟಿ ಪೌಂಡ್. ತಂತ್ರಾಂಶ ಇದ್ದ ಹಾಗೆಯೇ ಒಪ್ಪಿಕೊಂಡು ನಮ್ಮ ಕೆಲಸದ ರೀತಿಯನ್ನು ಅದಕ್ಕೆ ಹೊಂದಿಸಿಕೊಳ್ಳೋಣ ಅನ್ನುವುದು ಮೂಲ ಯೋಜನೆ. ಆದರೆ ಕೆಲಸ ಮುಂದುವರಿದಂತೆ ಹಳೆಯ ಅಭ್ಯಾಸಗಳನ್ನು ಬಿಡಲಾಗದೆ ತಂತ್ರಾಂಶವನ್ನೇ ಬದಲಿಸುತ್ತಾ ಹೋದರು. ಬ್ಯಾಂಕಿನ ಲೆಕ್ಕ ತಾಳೆ ನೋಡುವ ಭಾಗವನ್ನು ಪ್ರತ್ಯೇಕವಾಗಿ ಮಾಡಿಸಿಕೊಂಡರು. 2022ರ ಏಪ್ರಿಲ್‌ನಲ್ಲಿ ಚಾಲೂ ಮಾಡಿದಾಗ ಆ ಭಾಗವೇ ಕೈಕೊಟ್ಟಿತು. ಬಂದ ಹಣ ಯಾವ ಲೆಕ್ಕದ್ದು ಎಂದು ಸಿಬ್ಬಂದಿ ಕೈಯಿಂದಲೇ ಹುಡುಕಿ ಬರೆಯುವಂತಾಯಿತು. ವರ್ಷದ ಲೆಕ್ಕಪತ್ರ ಸರಿಯಾಗಿ ಮುಗಿಸಲೂ ಆಗಲಿಲ್ಲ. 2023ರ ಹೊತ್ತಿಗೆ ಒಟ್ಟು ಖರ್ಚಿನ ಅಂದಾಜು 10 ಕೋಟಿ ಪೌಂಡ್ ಮುಟ್ಟಿತು. ಕೊನೆಗೆ ಅದೇ ತಂತ್ರಾಂಶವನ್ನು ಆದಷ್ಟು ಬದಲಿಸದೆ ಹೊಸದಾಗಿ ಮತ್ತೆ ಅಳವಡಿಸುವ ದಾರಿ ಹಿಡಿಯಬೇಕಾಯಿತು.

2023ರ ಸೆಪ್ಟೆಂಬರ್ 5ರಂದು ಆ ನಗರಸಭೆ ಅತ್ಯಗತ್ಯವಲ್ಲದ ಹೊಸ ಖರ್ಚನ್ನೆಲ್ಲ ನಿಲ್ಲಿಸುವ 114ನೇ ಸೆಕ್ಷನ್ ನೋಟಿಸ್ ಹೊರಡಿಸಿತು. ಅದಕ್ಕೆ ತಂತ್ರಾಂಶವೊಂದೇ ಕಾರಣ ಎಂದರೆ ತಪ್ಪಾಗುತ್ತದೆ. ಸಮಾನ ವೇತನದ ಬಾಕಿಯೇ ಅತಿ ದೊಡ್ಡ ಹೊರೆಯಾಗಿತ್ತು. ಆದರೆ ಒರಾಕಲ್‌ನ ಖರ್ಚೂ ಅದರ ಮೇಲೆ ಕೂತಿತ್ತು. ಕೈಯಲ್ಲಿ ಎಷ್ಟಿದೆ ಎಂದು ಹೇಳಬೇಕಾದ ಲೆಕ್ಕವೇ ನೆಟ್ಟಗಿಲ್ಲದಾಗ ಕಷ್ಟ ಇಮ್ಮಡಿಯಾಗುತ್ತದೆ. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಕೌನ್ಸಿಲ್ ಟ್ಯಾಕ್ಸ್ ಹತ್ತಿರ ಹತ್ತಿರ 10 ಪ್ರತಿಶತ ಏರಿತು. ಬರ್ಮಿಂಗ್‌ಹ್ಯಾಮ್‌ನಲ್ಲಿ ಬಂಧುಬಳಗ ಇರುವವರನ್ನು ಕೇಳಿ ನೋಡಿ.

"ಈಗ ಎಲ್ಲವೂ ಕ್ಲೌಡ್‌ನಲ್ಲಿ ಇದೆ, ಈ ಪಟ್ಟಿಯ ಗೊಡವೆ ಯಾಕೆ?" ಎಂದು ಕೆಲವರು ಕೇಳಬಹುದು. ಒರಾಕಲ್ ಫ್ಯೂಷನ್ ಕೂಡ ಕ್ಲೌಡ್‌ನಲ್ಲೇ ಇತ್ತು. ಅಲ್ಲಿ ಮೆಮೊರಿ, ಡಿಸ್ಕ್‌ಗಳ ಚಿಂತೆ ನಮ್ಮದಲ್ಲ, ನಿಜ. ಮೊದಲ ಅರ್ಧದ ಭಾರ ಬಾಡಿಗೆ ಕೊಟ್ಟರೆ ಇಳಿಯುತ್ತದೆ. ನಮ್ಮ ಕೆಲಸ ಏನು, ನಮ್ಮ ಮಾಹಿತಿ ಹೇಗಿದೆ, ನೋಡಿಕೊಳ್ಳುವವರು ಯಾರು ಅನ್ನುವ ಎರಡನೆಯ ಅರ್ಧವನ್ನು ಯಾವ ಕ್ಲೌಡ್ ಕೂಡ ಬರೆದುಕೊಡುವುದಿಲ್ಲ.

ಕನ್ನಡದ ಮಟ್ಟಿಗಂತೂ ಆ ಅರ್ಧವನ್ನು ಕನ್ನಡಿಗರೇ ಬರೆಯಬೇಕು. ಊರಿನಲ್ಲಿ ಹಳೆಯ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತವನ್ನು ಇಲ್ಲಿ ತೆರೆದು ನೋಡಿದ್ದೀರಾ? ಆ ಫಾಂಟ್ ಇಲ್ಲದ ಯಂತ್ರದಲ್ಲಿ ಬರೀ ಅರ್ಥವಿಲ್ಲದ ಚಿಹ್ನೆಗಳ ಸಾಲು. ಯೂನಿಕೋಡ್ ಬಂದ ಮೇಲೆ ಈ ತೊಂದರೆ ಬಹುಪಾಲು ನೀಗಿದೆ, ಆದರೆ ಅದಕ್ಕೂ ಒಂದು ಲೆಕ್ಕವಿದೆ. ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದು ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು, ಮತ್ತು ನಮ್ಮ ಒಂದು ಅಕ್ಷರದಲ್ಲಿ ಹಲವು ಚಿಹ್ನೆಗಳಿರುತ್ತವೆ. 'ಶಾಲೆ' ಎಂದರೆ ಶ, ದೀರ್ಘ, ಲ, ಏತ್ವ: 4 ಚಿಹ್ನೆ, 12 ಬೈಟ್. 'ಸ್ತ್ರೀ' ನೋಡಲು ಒಂದೇ ಅಕ್ಷರ, ಒಳಗೆ 6 ಚಿಹ್ನೆ, 18 ಬೈಟ್. ಲಿನಕ್ಸ್ ಸರ್ವರ್‌ಗಳಲ್ಲಿ ಕಡತದ ಹೆಸರು ಸಾಮಾನ್ಯವಾಗಿ 255 ಬೈಟ್ ಮೀರುವಂತಿಲ್ಲ. ಇಂಗ್ಲಿಷಿನವರಿಗೆ ಅದು 255 ಅಕ್ಷರ. ನಮಗೆ 85 ಚಿಹ್ನೆ, ಅಕ್ಷರದ ಲೆಕ್ಕದಲ್ಲಿ ಇನ್ನೂ ಕಡಿಮೆ. ಮಗುವಿನ ಹೆಸರು, ತರಗತಿ, ಪಾಠದ ಹೆಸರು, ದಿನಾಂಕ ಎಲ್ಲ ಸೇರಿಸಿ ಕಡತಕ್ಕೆ ಕನ್ನಡದಲ್ಲಿ ಉದ್ದನೆಯ ಹೆಸರಿಟ್ಟರೆ ಯಂತ್ರ 'ಆಗದು' ಎಂದುಬಿಡಬಹುದು. ತಂತ್ರಾಂಶ ಮಾಡಿದವರ ಪಟ್ಟಿಯಲ್ಲಿ ಇದು ಇರುವುದಿಲ್ಲ, ಅವರಿಗೆ ಅದು ಹೊಳೆಯುವ ಕಾರಣವೂ ಇಲ್ಲ. ನಮ್ಮ ಭಾಷೆ ಕೇಳುವುದನ್ನು ನಾವು ಬರೆಯದಿದ್ದರೆ, ಕೊನೆಗೆ ನಾವೇ ಕನ್ನಡದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯಲು ಶುರುಮಾಡುತ್ತೇವೆ. ಕನ್ನಡ ಶಾಲೆಯೊಂದು ಹಾಗೆ ಸೋಲುವುದು ನನಗಂತೂ ಒಪ್ಪಿಗೆಯಿಲ್ಲ.

ಹಾಗಾದರೆ ನಮ್ಮ ಶಾಲೆ ಏನು ಮಾಡಬೇಕು? ಅನೇಕರು ಸೂಚಿಸಿರುವುದು ಮೂಡಲ್. ಅದು ಉಚಿತ, ಮುಕ್ತ. ದೊಡ್ಡ ವಿಶ್ವವಿದ್ಯಾಲಯಗಳೂ ಬಳಸುತ್ತವೆ. ಅದರ ಪಟ್ಟಿ ಓದೋಣ. 4.5ನೇ ಆವೃತ್ತಿಗೆ ಪಿಎಚ್‌ಪಿ 8.1 ಅಥವಾ ಮುಂದಿನದು ಬೇಕು. ಡೇಟಾಬೇಸ್ ಮೈಎಸ್‌ಕ್ಯೂಎಲ್ ಆದರೆ ಕನಿಷ್ಠ 8.0. ಯಾರದೋ ಗ್ಯಾರೇಜಿನಲ್ಲಿರುವ ಹಳೆಯ ಯಂತ್ರದಲ್ಲಿ ಇವು ಹಳೆಯ ಆವೃತ್ತಿಗಳಾಗಿದ್ದರೆ ಕಥೆ ಅಲ್ಲಿಗೇ ನಿಂತಿತು. ಬ್ಯಾಕಪ್‌ಗೂ ಅಷ್ಟೇ ಜಾಗ ಬೇಕು, ಸಾಧ್ಯವಾದರೆ ಬೇರೆ ಸ್ಥಳದಲ್ಲಿ ಎಂದೂ ಅವರ ಸಲಹೆಯಲ್ಲಿದೆ. ಎಲ್ಲರೂ ಹಾರಿಸಿಬಿಡುವ ಸಾಲು ಅದೇ.

ಆಮೇಲೆ ನಮ್ಮ ಅರ್ಧ. ಒಂದೇ ಪುಟದಲ್ಲಿ, ಕನ್ನಡದಲ್ಲಿ, ಈ ಪ್ರಶ್ನೆಗಳಿಗೆ ಉತ್ತರ ಬರೆಯೋಣ. ಎಷ್ಟು ಮಕ್ಕಳು, ಒಟ್ಟಿಗೆ ಎಷ್ಟು ಜನ ಒಳಗೆ ಬರುತ್ತಾರೆ? ಭಾನುವಾರ ತರಗತಿ ಶುರುವಾಗುವ ಹೊತ್ತಿಗೆ ಎಲ್ಲರೂ ಒಮ್ಮೆಗೇ ಬರುತ್ತಾರೆ, ಆ ಹತ್ತು ನಿಮಿಷವೇ ನಿಜವಾದ ಪರೀಕ್ಷೆ. ವಾರಕ್ಕೆ ಎಷ್ಟು ಧ್ವನಿಮುದ್ರಣ, ಎಷ್ಟು ವರ್ಷ ಇಡಬೇಕು? ಕನ್ನಡ ಹೆಸರು, ಒತ್ತಕ್ಷರ, ಅಕಾರಾದಿ ಎಲ್ಲ ಸರಿಯಾಗಿ ಬರುತ್ತವೆಯೇ? ಮಕ್ಕಳ ಧ್ವನಿ, ಹೆಸರುಗಳೆಲ್ಲ ಖಾಸಗಿ ಮಾಹಿತಿ. ಈ ದೇಶದ ಮಾಹಿತಿ ರಕ್ಷಣೆಯ ಕಾನೂನಿನ ಪ್ರಕಾರ ಅದರ ಹೊಣೆ ಯಾರದು? ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಹಾಕಿಕೊಟ್ಟವರು ಬೇರೆ ಊರಿಗೆ ಹೋದರೆ ಪಾಸ್‌ವರ್ಡ್ ಯಾರ ಬಳಿ ಇರುತ್ತದೆ, ಹೊಸ ಆವೃತ್ತಿ ಬಂದಾಗ ಹಾಕುವವರು ಯಾರು? ನಮ್ಮದು ಸ್ವಯಂಸೇವಕರ ಶಾಲೆ. ಇಲ್ಲಿ ಅತಿ ಕಡಿಮೆ ಇರುವುದು ಮೆಮೊರಿಯಲ್ಲ, ಬಿಡುವು.

ಈ ಪುಟ ಬರೆದ ಮೇಲೆ 'ನಮಗೆ ಸರ್ವರ್ ಬೇಡ, ಈಗಿರುವುದೇ ಸಾಕು' ಅನ್ನುವ ತೀರ್ಮಾನಕ್ಕೆ ಬಂದರೂ ಬರಬಹುದು. ಅದು ಸೋಲಲ್ಲ. ಅಥವಾ 'ಬೇಕು, ಇಷ್ಟು ಬೇಕು' ಎಂದು ಗೊತ್ತಾಗಬಹುದು. ಆಗ ಮೊದಲು ಒಂದೇ ತರಗತಿಗೆ ಹಾಕಿ, ಒಂದು ಟರ್ಮ್ ಓಡಿಸಿ ನೋಡೋಣ. ಬೆಂಕಿ ಬಿದ್ದಾಗ ಬಾವಿ ತೋಡುವುದಕ್ಕಿಂತ ಇದು ಮೇಲು.

ಮಕ್ಕಳೇ, ನಿಮಗೂ ಕೆಲಸವಿದೆ. ಮುಂದಿನ ತರಗತಿಗೆ ಬರುವಾಗ ನಿಮ್ಮ ಪೂರ್ತಿ ಹೆಸರನ್ನು ಕನ್ನಡದಲ್ಲಿ ಬರೆದು, ಅದರಲ್ಲಿ ಎಷ್ಟು ಚಿಹ್ನೆಗಳಿವೆ, ಎಷ್ಟು ಬೈಟ್ ಆಗುತ್ತದೆ ಎಂದು ಲೆಕ್ಕ ಹಾಕಿ ತನ್ನಿ. ಒತ್ತಕ್ಷರದ ಅರ್ಧಚಿಹ್ನೆಯನ್ನು ಎಣಿಸಲು ಮರೆಯಬೇಡಿ! ಪೋಷಕರೇ, ಮೇಲಿನ ಪ್ರಶ್ನೆಗಳಲ್ಲಿ ನಿಮಗೆ ಗೊತ್ತಿರುವ ಒಂದಕ್ಕಾದರೂ ಉತ್ತರ ಬರೆದು ಈ ಪತ್ರಿಕೆಗೆ ಮರುಮಿಂಚೆ ಕಳಿಸಿ. ಹತ್ತು ಮನೆಗಳಿಂದ ಹತ್ತು ಸಾಲು ಬಂದರೆ ನಮ್ಮ ಪಟ್ಟಿ ಸಿದ್ಧ. ಇನ್‌ಸ್ಟಾಲ್ ಗುಂಡಿ ಎಲ್ಲಿಗೂ ಓಡಿಹೋಗುವುದಿಲ್ಲ.