ಸೀಗಡಿಯ ಚಿಪ್ಪು, ಕಡಲೆಯ ಬೇರು

ಹಬ್ಬದ ಹೋಳಿಗೆಗೆ ಹೂರಣ ರುಬ್ಬುವಾಗ ಆ ಕಡಲೆ ಯಾವ ಹೊಲದ್ದೆಂದು ಪಟ್ಟಣಿಗರಾದ ನಾವು ಯೋಚಿಸುವುದು ಕಡಿಮೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಎರೆಹೊಲಗಳಲ್ಲಿ ಮುಂಗಾರಿನ ಹೆಸರು ಮುಗಿದೊಡನೆ ಹಿಂಗಾರಿಗೆ ಕಡಲೆ ಬಿತ್ತುವ ರೂಢಿ ಉಂಟು. ನೆಲದಲ್ಲಿ ಉಳಿದ ತೇವವನ್ನೂ ಚಳಿಗಾಲದ ಇಬ್ಬನಿಯನ್ನೂ ನಂಬಿ ಬೆಳೆಯುವ ಪೈರು ಇದು.

ಇದರ ದೊಡ್ಡ ಹಗೆ ಸಿಡಿರೋಗ. ನಿನ್ನೆ ಹಸುರಾಗಿದ್ದ ಗಿಡ ಇಂದು ಜೋತುಬೀಳುತ್ತದೆ. ಬೇರನ್ನು ಸೀಳಿ ನೋಡಿದರೆ ಒಳಗೆ ಕಂದುಗೆರೆ. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನ ಮೂಲಕ ಒಳಹೊಕ್ಕು ನೀರೇರುವ ನಾಳಗಳನ್ನು ಮುಚ್ಚಿಬಿಡುತ್ತದೆ. ಕಡಲೆಯನ್ನು ಬಿತ್ತದೆ ಬಿಟ್ಟರೂ ಅದು ಸುಮಾರು ಆರು ವರ್ಷ ಮಣ್ಣಿನಲ್ಲಿ ಬದುಕಬಲ್ಲದು. ಬಾಡಿದ ಗಿಡವನ್ನು ಬದುಕಿಸುವ ಔಷಧವಿಲ್ಲ, ಮೊದಲೇ ಕಾಯಬೇಕು.

ಈ ಕಾವಲಿಗೆ ವಿಜ್ಞಾನಿಗಳು ಇದೀಗ ಸಮುದ್ರದತ್ತ ನೋಡುತ್ತಿದ್ದಾರೆಂದರೆ ವಾಚಕರಿಗೆ ಅಚ್ಚರಿಯೆನಿಸಬಹುದು. ಸೀಗಡಿ, ಏಡಿಗಳ ಚಿಪ್ಪಿನಲ್ಲಿ ಕೈಟಿನ್ ಎಂಬ ವಸ್ತುವಿದೆ. ಇದನ್ನು ಫ್ರಾನ್ಸಿನ ಬ್ರಾಕೊನೊ 1811ರಲ್ಲಿ ಅಣಬೆಯಲ್ಲಿ ಕಂಡುಹಿಡಿದನು. 1859ರಲ್ಲಿ ರೂಜೆ ಎಂಬಾತ ಅದನ್ನು ತೀಕ್ಷ್ಣವಾದ ಕ್ಷಾರದಲ್ಲಿ ಕುದಿಸಿ ಮಾರ್ಪಡಿಸಿದನು. ಹೀಗೆ ದೊರೆಯುವ ವಸ್ತುವೇ ಇಂದಿನ ಕೈಟೋಸಾನ್. ಅದನ್ನು ಮೆಲು ಆಮ್ಲದಲ್ಲಿ ಕರಗಿಸಿ, ಒಂದು ಬಗೆಯ ಫಾಸ್ಫೇಟ್ ಲವಣದ ದ್ರಾವಣವನ್ನು ಹನಿಹನಿಯಾಗಿ ಬೆರೆಸಿದರೆ ಅತಿಸೂಕ್ಷ್ಮ ಕಣಗಳು ರೂಪುಗೊಳ್ಳುತ್ತವೆ. ಇಂಥ ನೂರಾರು ಕಣಗಳನ್ನು ಒಂದು ತಲೆಗೂದಲಿನ ಅಡ್ಡಳತೆಯಲ್ಲಿ ಸಾಲಾಗಿ ಜೋಡಿಸಬಹುದು. ನ್ಯಾನೋ ಕಣಗಳೆಂದರೆ ಇವೇ.

ಇವುಗಳ ಕೆಲಸ ಎರಡು ಬಗೆಯದು. ಕಣದ ಧನ ವಿದ್ಯುದಂಶವು ಶಿಲೀಂಧ್ರದ ಪೊರೆಗೆ ಅಂಟಿ ಅದನ್ನು ಹಾಳುಗೆಡಹುತ್ತದೆ. ಇನ್ನೊಂದು ಬಗೆ ಮತ್ತೂ ಸ್ವಾರಸ್ಯಕರ. ಶಿಲೀಂಧ್ರದ ಗೋಡೆಯಲ್ಲಿಯೂ ಕೈಟಿನ್ ಇರುವುದರಿಂದ, ಅದರ ಬಂಧುವಾದ ಕೈಟೋಸಾನ್ ತಗುಲಿದ ಗಿಡ ಹಗೆ ಬಂದನೆಂದೇ ಬಗೆದು ತನ್ನ ರಕ್ಷಣೆಯ ರಸಗಳನ್ನು ಮುಂಚಿತವಾಗಿ ಸಿದ್ಧಪಡಿಸಿಕೊಳ್ಳುತ್ತದೆ. ರಾಜಸ್ಥಾನದ ಉದಯಪುರದ ಸಂಶೋಧಕರು ತಾಮ್ರ ತುಂಬಿದ ಕೈಟೋಸಾನ್ ಕಣಗಳಿಂದ ಮೆಕ್ಕೆಜೋಳದ ಎಲೆಚುಕ್ಕೆ ರೋಗ ತಗ್ಗಿದುದನ್ನು 2017ರಲ್ಲಿ ಪ್ರಕಟಿಸಿದರು.

ಹಾಗಾದರೆ ರೋಣದ ರೈತನು ನಾಳೆಯೇ ಇದನ್ನು ಕೊಳ್ಳಬಹುದೇ? ಅವಸರ ಸಲ್ಲದು. ಎರೆಮಣ್ಣು ಸಾಮಾನ್ಯವಾಗಿ ಕ್ಷಾರಗುಣದ್ದು. ಕೈಟೋಸಾನಿನ ವಿದ್ಯುದಂಶವಾದರೋ ಆಮ್ಲದ ಸಂಗದಲ್ಲಿ ಪ್ರಬಲ, ಕ್ಷಾರದಲ್ಲಿ ಕ್ಷೀಣ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಗೆದ್ದದ್ದು ನರಗುಂದದ ನೆಲದಲ್ಲಿಯೂ ಗೆದ್ದೀತೆಂದು ಹೇಳಲಾಗದು. ಮಣ್ಣಿಗೆ ಸುರಿಯುವುದಕ್ಕಿಂತ ಬೀಜಕ್ಕೆ ಲೇಪಿಸುವುದು ಮೇಲಾದೀತೇ ಎಂಬುದನ್ನು ಆ ಹೊಲಗಳಲ್ಲಿಯೇ ಪರೀಕ್ಷಿಸಿ ತಿಳಿಯಬೇಕು. ಕೃಷಿಗೆ ಬಳಸುವ ನ್ಯಾನೋ ವಸ್ತುಗಳ ಗುಣ ಮತ್ತು ಸುರಕ್ಷತೆಯನ್ನು ಅಳೆಯಲು ಭಾರತ ಸರ್ಕಾರವು 2020ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿದೆ. ಸೀಸೆಯ ಮೇಲೆ 'ನ್ಯಾನೋ' ಎಂದು ಅಚ್ಚಾದ ಮಾತ್ರಕ್ಕೆ ಅದು ಸಂಜೀವಿನಿಯಾಗದು.

ಅಲ್ಲಿಯವರೆಗೆ ರೈತನ ಕೈ ಬರಿದೇನೂ ಅಲ್ಲ. ನೆರೆಯ ಅಣ್ಣಿಗೇರಿಯ ಹೆಸರು ಹೊತ್ತ ಹಳೆಯ ಕಡಲೆ ತಳಿಯು ಸಿಡಿರೋಗಕ್ಕೆ ಬೇಗ ತುತ್ತಾಗುತ್ತಿತ್ತು. ರಾಯಚೂರು ಕೃಷಿ ವಿಶ್ವವಿದ್ಯಾಲಯವು ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆಯೊಡಗೂಡಿ ಅದಕ್ಕೇ ರೋಗನಿರೋಧಕ ಗುಣವನ್ನು ಸೇರಿಸಿ 'ಸೂಪರ್ ಅಣ್ಣಿಗೇರಿ-1' ತಳಿಯನ್ನು ರೂಪಿಸಿತು. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದಿಂದ ಬೀಜೋಪಚಾರ, ಬೇಸಿಗೆಯ ಆಳ ಉಳುಮೆ, ಬಿಳಿಜೋಳದೊಡನೆ ಬೆಳೆಯ ಪರಿವರ್ತನೆ ಇವೂ ಉಂಟು.

ಹೊಸ ವಿದ್ಯೆ ಬರಲಿ, ಅದನ್ನು ಸ್ವಾಗತಿಸೋಣ. ಆದರೆ ಪ್ರಯೋಗ ಸೋತರೆ ವಿಜ್ಞಾನಿ ಮರಳಿ ಯತ್ನಿಸಬಹುದು. ಮಳೆಯನ್ನೇ ನಂಬಿದ ಒಕ್ಕಲಿಗನಿಗೆ ಹಿಂಗಾರು ವರ್ಷಕ್ಕೊಮ್ಮೆ ಮಾತ್ರ. ಆದುದರಿಂದ ಪರೀಕ್ಷೆಯ ಭಾರವನ್ನು ಹೊರಬೇಕಾದದ್ದು ಸಂಸ್ಥೆಗಳೇ ಹೊರತು ಸಾಲ ಮಾಡಿ ಬಿತ್ತಿದವನಲ್ಲ.