ನಿಜ ಹೇಳಿದವನಿಗೆ ನಮ್ಮ ಹೋಟೆಲಿನಲ್ಲಿ ಜಾಗ ಇದೆಯೇ?



ಪ್ರಾಮಾಣಿಕತೆಯ ಮಾತು ಬಂದಾಗಲೆಲ್ಲ ನಮ್ಮ ಕಣ್ಣು ಮೊದಲು ಹೋಗುವುದು ಗಲ್ಲಾದ ಕಡೆಗೆ. ಹುಡುಗರು ಹಣ ತೆಗೆಯುತ್ತಾರೆಯೇ, ಬಿಲ್ಲಿಲ್ಲದೆ ಪಾರ್ಸೆಲ್ ಹೋಗುತ್ತಿದೆಯೇ ಎಂಬುದೇ ನಮ್ಮ ಚಿಂತೆ. ಅದಕ್ಕಾಗಿ ಕ್ಯಾಮೆರಾ ಹಾಕಿಸುತ್ತೇವೆ, ರಾತ್ರಿ ಎರಡೆರಡು ಸಲ ಲೆಕ್ಕ ನೋಡುತ್ತೇವೆ. ಅಡುಗೆಮನೆಯ ಒಳಗೆ ದಿನವೂ ನಡೆಯುವ ಇನ್ನೊಂದು ಪರೀಕ್ಷೆ ಮಾತ್ರ ನಮ್ಮ ಗಮನಕ್ಕೆ ಬರುವುದಿಲ್ಲ.

ಛತ್ರಪತಿ ಸಂಭಾಜಿನಗರದಲ್ಲಿ ಬೇಸಿಗೆಯ ಬಿಸಿ 40 ಡಿಗ್ರಿ ದಾಟುತ್ತದೆ. ನಾಸಿಕದಲ್ಲೂ ಏಪ್ರಿಲ್, ಮೇ ತಿಂಗಳು ಸುಲಭದ್ದಲ್ಲ. ಅಂಥ ಒಂದು ರಾತ್ರಿ ಹುಡುಗನೊಬ್ಬ ಕಾಯಿಚಟ್ನಿಯ ಪಾತ್ರೆಯನ್ನು ಫ್ರಿಜ್ಜಿನೊಳಗೆ ಇಡಲು ಮರೆತ ಎಂದುಕೊಳ್ಳೋಣ. ಬೆಳಿಗ್ಗೆ ಮುಚ್ಚಳ ತೆಗೆದಾಗ ವಾಸನೆ ಬಂತು. ಅವನ ಮುಂದೆ ಎರಡು ದಾರಿಗಳಿವೆ. ಒಂದು, ಭಟ್ಟರಿಗೋ ಧಣಿಗಳಿಗೋ ಹೇಳುವುದು. ಇನ್ನೊಂದು, ಹೊಸ ಚಟ್ನಿಯಲ್ಲಿ ಹಳೆಯದನ್ನು ಕಲಸಿ, ಮೇಲೆ ಒಗ್ಗರಣೆ ಹಾಕಿ ಸುಮ್ಮನಾಗುವುದು. ಅವನು ಯಾವ ದಾರಿ ಹಿಡಿಯುತ್ತಾನೆ? ಹಿಂದಿನ ಸಲ ಹೀಗೆ ಹೇಳಿದವನಿಗೆ ಏನಾಯಿತು ಎಂಬುದನ್ನು ನೆನೆದು ಅವನು ತೀರ್ಮಾನಿಸುತ್ತಾನೆ. ಅಂದು ಎಲ್ಲರೆದುರು ಬೈಗುಳ ಬಿದ್ದು, ಸಂಬಳದಲ್ಲಿ ಹಣ ಕಡಿತವಾಗಿದ್ದರೆ ಹಳಸಿದ ಚಟ್ನಿ ಗಿರಾಕಿಯ ತಟ್ಟೆಗೆ ಬಂದೇ ಬರುತ್ತದೆ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟೆ: ತಪ್ಪು ಒಪ್ಪಿಕೊಂಡ ಕೆಲಸಗಾರನಿಗೆ ಎಲ್ಲಿ ಕ್ಷಮೆ ಸಿಗುತ್ತದೆಯೋ ಅಲ್ಲಿ ಮಾತ್ರ ಗಿರಾಕಿಗೆ ಶುದ್ಧ ಆಹಾರ ಸಿಗುತ್ತದೆ. ಪ್ರಾಮಾಣಿಕತೆ ಬೇರೆ, ಕ್ಷಮೆ ಬೇರೆ ಎಂದು ನಾವು ತಿಳಿದಿದ್ದೇವೆ. ಹೋಟೆಲಿನಲ್ಲಿ ಇವೆರಡೂ ಒಂದೇ ಒಲೆಯ ಮೇಲೆ ಬೇಯುತ್ತವೆ.

ಪುಣ್ಯಕೋಟಿಯ ಕಥೆಯನ್ನು ನಾವೆಲ್ಲರೂ ಶಾಲೆಯಲ್ಲಿ ಕಲಿತವರೇ. ಕೊಟ್ಟ ಮಾತಿನಂತೆ ಹಸು ಹುಲಿಯ ಬಳಿಗೆ ಮರಳಿತು ಎಂದು ಅದನ್ನು ಹೊಗಳುತ್ತೇವೆ. ಆದರೆ ಹಸಿದ ಹುಲಿ ಅದನ್ನು ನಂಬಿ ಕರುವಿನ ಬಳಿಗೆ ಕಳಿಸದೆ ಇದ್ದಿದ್ದರೆ ಮಾತು ಉಳಿಸಿಕೊಳ್ಳುವ ಅವಕಾಶವೇ ಹಸುವಿಗೆ ಇರುತ್ತಿರಲಿಲ್ಲ. ಬಲ ಇದ್ದವನು ಮೊದಲು ನಂಬಬೇಕು. ಹೋಟೆಲಿನಲ್ಲಿ ಆ ಬಲ ಇರುವುದು ಮಾಲಕರಾದ ನಮ್ಮ ಕೈಯಲ್ಲಿ.

ಇನ್ನೊಂದು ಮಾತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬಂತಾದರೆ ಹುಡುಗರು ನಮ್ಮ ಮಾತನ್ನು ಕೇಳುವುದಿಲ್ಲ, ನಮ್ಮ ನಡತೆಯನ್ನು ನೋಡುತ್ತಾರೆ. 19 ಕಿಲೋದ ವಾಣಿಜ್ಯ ಸಿಲಿಂಡರಿನ ಜಾಗದಲ್ಲಿ ಮನೆಬಳಕೆಯ 14.2 ಕಿಲೋದ ಸಿಲಿಂಡರನ್ನು ಹಿಂಬಾಗಿಲಿನಿಂದ ತರಿಸಿದರೆ ಅದನ್ನು ಹೊತ್ತು ತರುವವನು ಅದೇ ಹುಡುಗ. ಕರಿದ ಎಣ್ಣೆಯಲ್ಲಿ ಪೋಲಾರ್ ಕಾಂಪೌಂಡ್ ಶೇ. 25 ದಾಟಿದರೆ ಬಳಸಬಾರದು ಎಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಕಪ್ಪಾದ ಎಣ್ಣೆಗೆ ಹೊಸ ಎಣ್ಣೆ ಬೆರೆಸು ಎಂದು ನಾವೇ ಹೇಳಿದರೆ, ನಾಳೆ ಚಟ್ನಿಗೆ ಚಟ್ನಿ ಬೆರೆಸಿದವನನ್ನು ಯಾವ ಬಾಯಿಂದ ಬೈಯುವುದು?

ಪನೀರಿನ ವಿಷಯವೂ ಹಾಗೆಯೇ. ಹಾಲಿನ ಕೊಬ್ಬಿನ ಬದಲು ತಾಳೆಎಣ್ಣೆಯಂಥ ಕೊಬ್ಬು ಸೇರಿಸಿ ಮಾಡಿದ ‘ಅನಲಾಗ್’ ಅಗ್ಗವಾಗಿ ಸಿಗುತ್ತದೆ. ಅದನ್ನು ಅದರ ಹೆಸರಿನಿಂದಲೇ ಮಾರಿದರೆ ಅಡ್ಡಿಯಿಲ್ಲ. ಮೆನು ಕಾರ್ಡಿನಲ್ಲಿ ಪನೀರ್ ಎಂದು ಬರೆದು ಅದನ್ನು ಬಡಿಸುವುದು ವಂಚನೆ. 2025ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ವಿಧಾನಸಭೆಯಲ್ಲೂ ನಕಲಿ ಪನೀರಿನ ಚರ್ಚೆ ನಡೆಯಿತು. ಜಿಎಸ್‌ಟಿಯಲ್ಲಿ ಕಾಂಪೊಸಿಶನ್ ಯೋಜನೆಗೆ ಸೇರಿದವರು ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ. ಆದರೂ ಬಿಲ್ಲಿನಲ್ಲಿ ಸೇರಿಸಿದರೆ ಅದೂ ಕಳ್ಳತನವೇ. ಇದನ್ನೆಲ್ಲ ನೋಡುತ್ತ ಕ್ಯಾಶಿಯರ್ ನಮ್ಮ ಪಕ್ಕದಲ್ಲೇ ಕುಳಿತಿರುತ್ತಾನೆ.

ನಾಸಿಕ ಮತ್ತು ಸಂಭಾಜಿನಗರದ ನಮ್ಮವರಿಗೆ ಈ ಪರೀಕ್ಷೆ ಸ್ವಲ್ಪ ಹೆಚ್ಚೇ ಕಠಿಣ. ಪಂಚವಟಿ, ರಾಮಕುಂಡಕ್ಕೆ ಬರುವ ಯಾತ್ರಿಕರು, ಎಲ್ಲೋರಾ, ಅಜಂತಾ ನೋಡಲು ಬರುವ ಪ್ರವಾಸಿಗರು ಒಮ್ಮೆ ಊಟ ಮಾಡಿ ಹೋದರೆ ಬಹುಶಃ ಮತ್ತೆ ಬರುವವರಲ್ಲ. ದಿನನಿತ್ಯದ ಗಿರಾಕಿಯ ಹತ್ತಿರ ಪ್ರಾಮಾಣಿಕವಾಗಿರುವುದು ವ್ಯಾಪಾರದ ಜಾಣತನವೂ ಹೌದು. ಮತ್ತೆಂದೂ ಬಾರದವನ ಹತ್ತಿರ ಪ್ರಾಮಾಣಿಕವಾಗಿರುವುದೇ ನಿಜವಾದ ಸಂಸ್ಕಾರ. 2015ರ ನಂತರದ ಸಿಂಹಸ್ಥ ಕುಂಭಮೇಳದ ಪ್ರಮುಖ ಸ್ನಾನಗಳು 2027ಕ್ಕೆ ನಿಗದಿಯಾಗಿವೆ. ಅಂಥ ಜನಜಂಗುಳಿಯಲ್ಲಿ ಹೊಸ ಹುಡುಗರನ್ನು ಸೇರಿಸಿಕೊಳ್ಳಲೇಬೇಕಾಗುತ್ತದೆ, ಕೈತಪ್ಪುಗಳೂ ಹೆಚ್ಚುತ್ತವೆ. ಅವನ್ನು ಮುಚ್ಚಿಡುವ ಅಭ್ಯಾಸ ಬೆಳೆದರೆ ಸಾವಿರಾರು ಎಲೆಗಳಿಗೆ ಬಡಿಸುವ ಊಟದಲ್ಲಿ ಏನಾದೀತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಎಲ್ಲವನ್ನೂ ಕ್ಷಮಿಸಬೇಕೇ? ಇಲ್ಲ. ಮರೆವು ಬೇರೆ, ಉದಾಸೀನ ಬೇರೆ, ಮೋಸ ಬೇರೆ. ಮರೆತವನಿಗೆ ಬುದ್ಧಿ ಹೇಳೋಣ. ಪದೇ ಪದೇ ಉದಾಸೀನ ತೋರುವವನ ಕೆಲಸ ಬದಲಿಸೋಣ. ಗೊತ್ತಿದ್ದೂ ಮುಚ್ಚಿಟ್ಟು ಗಿರಾಕಿಯ ಹೊಟ್ಟೆಗೆ ತೊಂದರೆ ಕೊಟ್ಟವನನ್ನು, ಅವನು ನಮ್ಮೂರಿನವನೇ ಆಗಿರಲಿ, ನೆಂಟನೇ ಆಗಿರಲಿ, ಅಡುಗೆಮನೆಯಲ್ಲಿ ಇಟ್ಟುಕೊಳ್ಳಬಾರದು. ಗಲ್ಲಾದಿಂದ ಹಣ ತೆಗೆದವನನ್ನು ಕ್ಷಮಿಸಬಹುದು, ಆದರೆ ಮರುದಿನವೇ ಅವನ ಕೈಗೆ ಗಲ್ಲಾದ ಕೀಲಿ ಕೊಡಬೇಕಾಗಿಲ್ಲ. ಕ್ಷಮೆ ಒಂದು ದಿನದಲ್ಲಿ ಕೊಡಬಹುದಾದದ್ದು, ವಿಶ್ವಾಸ ತಿಂಗಳುಗಟ್ಟಲೆ ದುಡಿದು ಗಳಿಸಬೇಕಾದದ್ದು.

ಕಾನೂನು ಕೂಡ ಇದೇ ದಾರಿಯಲ್ಲಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯ ಪ್ರಕಾರ ಕೆಲಸಗಾರನ ನಿರ್ಲಕ್ಷ್ಯದಿಂದ ಆದ ನಷ್ಟಕ್ಕೆ ಸಂಬಳ ಹಿಡಿಯುವ ಮೊದಲು ಅವನ ಮಾತು ಕೇಳಬೇಕು, ಹಿಡಿಯುವ ಹಣ ಆದ ನಷ್ಟವನ್ನು ಮೀರಬಾರದು. ದಂಡವೂ ಆ ಅವಧಿಯ ವೇತನದ ಶೇ. 3 ಮೀರುವಂತಿಲ್ಲ. ಹಿಂದಿನ 1936ರ ಕಾಯ್ದೆಯಲ್ಲೂ ಇದೇ ನಿಯಮವಿತ್ತು. ಗ್ಲಾಸು ಒಡೆದ ಕೂಡಲೇ ಮನಸ್ಸಿಗೆ ಬಂದಷ್ಟು ಹಣ ಹಿಡಿಯುವುದು ಧರ್ಮವೂ ಅಲ್ಲ, ಕಾನೂನೂ ಅಲ್ಲ.

ನಮ್ಮಲ್ಲಿ ಅನೇಕರ ಹಿರಿಯರು ಊರಿನಿಂದ ಬಂದು ಮೋರಿಯಲ್ಲಿ ಪಾತ್ರೆ ತೊಳೆದು, ಸಪ್ಲೈಯರ್ ಆಗಿ, ಕೊನೆಗೆ ಗಲ್ಲಾದಲ್ಲಿ ಕುಳಿತವರು. ಅವರ ಕೈಯಿಂದಲೂ ಗ್ಲಾಸು ಬಿದ್ದಿರಬಹುದು, ಹಾಲು ಉಕ್ಕಿರಬಹುದು. ಯಾರೋ ಒಬ್ಬ ಧಣಿ ಅಂದು ‘ಹೋಗಲಿ, ಇನ್ನು ಮುಂದೆ ನೋಡಿಕೋ’ ಎಂದಿದ್ದರಿಂದಲೇ ಎಷ್ಟೋ ಹೋಟೆಲುಗಳು ಇಂದು ನಿಂತಿವೆ. ಈಗ ನಮ್ಮ ಅಡುಗೆಮನೆಗೆ ಬರುವ ಹುಡುಗನ ಊರು, ಭಾಷೆ ಬೇರೆ ಇರಬಹುದು. ಆ ಮಾತು ಅವನಿಗೂ ಸಲ್ಲಬೇಕು.

ಬಾಂಧವರಲ್ಲಿ ಒಂದು ವಿನಂತಿ. ಒಂದು ತಿಂಗಳ ಮಟ್ಟಿಗೆ ಪ್ರಯೋಗ ಮಾಡಿ ನೋಡೋಣ. ಕೆಟ್ಟ ಪದಾರ್ಥವನ್ನು ಬಡಿಸುವ ಮುನ್ನವೇ ತಂದು ತೋರಿಸಿದವನಿಂದ ಒಂದು ರೂಪಾಯಿಯನ್ನೂ ಹಿಡಿಯುವುದು ಬೇಡ. ನಷ್ಟವನ್ನು ಹೋಟೆಲಿನ ಖರ್ಚಿಗೇ ಬರೆದಿಡೋಣ. ತಿಂಗಳ ಕೊನೆಗೆ ಆ ಪುಟ ತೆರೆದು ನೋಡೋಣ. ಅಲ್ಲಿ ಬರೆದ ಒಂದೊಂದು ಪದಾರ್ಥವೂ ಗಿರಾಕಿಯ ತಟ್ಟೆಗೆ ಹೋಗದೆ ತಪ್ಪಿದ್ದು. ಅದಕ್ಕೆ ತೆತ್ತ ಹಣ ದುಬಾರಿ ಎನಿಸಲಾರದು.